ಮಹಡಿಯ ಡಬ್ಬಿ

ತಂಗಿ ಅರ್ಪಿತಾಳ ಬಾಣಂತನಕ್ಕೆಂದು ವಿಜಯವಾಡದ ಒನ್ ಟೌನ್ ಬಡಾವಣೆಗೆ ಬಂದಿದ್ದರೂ ಅನುಸೂಯಾಳ ಜೀವವೆಲ್ಲ ಗಾಜುವಾಕದ ತನ್ನ ಮನೆಯಲ್ಲೇ ಇತ್ತು. ಅದಕ್ಕೆ ಕಾರಣ ಫೋನಿನಲ್ಲಿದ್ದ ಒಂದು ಆ್ಯಪ್.

ಗೋಡೆ ದಪ್ಪ, ಒಂದೇ ವೈಫೈ ಡಬ್ಬಿ ಸಾಲದು ಎಂದು ಗಂಡ ಚಂದ್ರಹಾಸ ಹಾಲ್‌ಗೊಂದು, ಬೆಡ್‌ರೂಮಿಗೊಂದು, ಬಾಡಿಗೆಯವರಿದ್ದ ಮಹಡಿಗೊಂದು ಹಾಕಿಸಿದ್ದ. ಯಾರ ಫೋನು ಯಾವ ಡಬ್ಬಿಗೆ ಅಂಟಿದೆ ಎಂದು ಆ ಆ್ಯಪ್ ತೋರಿಸುತ್ತಿತ್ತು. ಸ್ಟೀಲ್ ಪ್ಲಾಂಟಿನಿಂದ ಬಂದ ಮೇಲೆ ಚಂದ್ರಹಾಸನ ಫೋನು ಸಂಜೆಯಿಡೀ ‘ಮಹಡಿ’ಯಲ್ಲೇ! ಅಲ್ಲಿದ್ದವರು ಸಾಯಿತೇಜ ಮತ್ತು ಅವನ ತಂಗಿ ಮಾಧವೀಲತಾ. ಈಗ ಅಣ್ಣ ಊರಲ್ಲಿರಲಿಲ್ಲ.

“ರೀ, ಎಲ್ಲಿದ್ದೀರಿ?” ಎಂದು ಫೋನಿನಲ್ಲಿ ಕೇಳಿದಳು.

“ಮನೇಲೇ ಕಣೆ, ಟೀವಿ ಮುಂದೆ.”

ಎಂಥ ಹಸಿ ಸುಳ್ಳು! ವಿಡಿಯೋ ಕಾಲ್ ಮಾಡಬಹುದಿತ್ತು. ಆದರೆ ಕಳ್ಳ ಎಚ್ಚೆತ್ತುಕೊಂಡರೆ? ಅವಳ ಮೈಯೆಲ್ಲ ಉರಿಯಿತು. ಇಷ್ಟು ವರ್ಷದ ಸಂಸಾರ ಕೈಬಿಟ್ಟು ಹೋಯಿತಲ್ಲ ಎಂದು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಳು. ಮರುದಿನ ತಂಗಿಗೆ ಏನೋ ನೆಪ ಹೇಳಿ ರೈಲು ಹತ್ತಿದಳು.

ಸಂಜೆ ಮನೆ ಮುಟ್ಟಿದವಳು ಕೆಳಗಿನ ಬಾಗಿಲು ತಟ್ಟಲಿಲ್ಲ, ನೇರ ಮಹಡಿ ಹತ್ತಿದಳು. ಗಂಡನ ಚಪ್ಪಲಿ ಇದೆಯೇ ಎಂದು ಹುಡುಕಿದಳು. ಬಾಗಿಲು ತೆರೆದ ಮಾಧವೀಲತಾ, “ಆಂಟೀ! ಎಪ್ಪುಡೊಚ್ಚಾರು?” ಎಂದು ಯಾವಾಗ ಬಂದದ್ದೆಂದು ವಿಚಾರಿಸಿದಳು. ಅನುಸೂಯಾ ಅವಳ ಹೆಗಲ ಮೇಲಿಂದ ಒಳಗೆ ಇಣುಕಿದಳು. ಯಾರೂ ಇಲ್ಲ. ಬಚ್ಚಿಟ್ಟಿದ್ದರೂ ಇಟ್ಟಿರಬಹುದು!

ಕೆಳಗಿಳಿದು ಬಂದರೆ ಚಂದ್ರಹಾಸ ಲುಂಗಿಯುಟ್ಟು ಟೀವಿ ಮುಂದೆ ಉಪ್ಪಿಟ್ಟು ತಿನ್ನುತ್ತಿದ್ದ.

“ನಾಟಕ ಸಾಕು. ನೋಡಿ, ನಿಮ್ಮ ಫೋನು ದಿನಾ ಎಲ್ಲಿರತ್ತೆ ಅಂತ!” ಎಂದು ತನ್ನ ಫೋನನ್ನು ಅವನ ಮುಖಕ್ಕೆ ಹಿಡಿದಳು.

‘ಮಹಡಿ’ಯ ಕೆಳಗೆ ಅವನ ಫೋನಿತ್ತು. ಅದರ ಕೆಳಗೇ ಅವಳದೂ ಇತ್ತು. ಫೋನುಗಳೆರಡೂ ಇದ್ದದ್ದು ಮಾತ್ರ ಇಲ್ಲಿ ಕೆಳಗೆ, ಇವರಿಬ್ಬರ ಹತ್ತಿರ.

“ಗೇಟಿನ ಹತ್ರ ಮೊದಲು ಸಿಗೋದು ಮಹಡಿ ಡಬ್ಬೀನೇ. ಒಂದ್ಸಲ ಹಿಡ್ಕೊಂಡ್ರೆ ಫೋನು ಸುಲಭಕ್ಕೆ ಬಿಡಲ್ವಂತೆ, ಹಾಕಿದವನೇ ಹೇಳಿದ,” ಎಂದ ಚಂದ್ರಹಾಸ. ತಟ್ಟೆ ಪಕ್ಕಕ್ಕಿಟ್ಟ. “ನೀನು ವಿಜಯವಾಡಕ್ಕೆ ಹೋಗೋಕ್ಕೆ ಮುಂಚೆ ನಿನ್ನ ಫೋನೂ ಹೀಗೇ ಮೇಲೆ ತೋರಿಸ್ತಿತ್ತು. ಸಾಯಿತೇಜ ಒಬ್ಬನೇ ಇದ್ದ ವಾರ.”

ಅನುಸೂಯಾ ಚಾಚಿ ಹಿಡಿದಿದ್ದ ಫೋನನ್ನು ಕೆಳಗಿಳಿಸಿದಳು.

“ಆಗ ನೀವೇನಂದ್ಕೊಂಡ್ರಿ?”

“ಡಬ್ಬಿ ಕೆಟ್ಟಿದೆ ಅಂದ್ಕೊಂಡೆ.”