ಗಿಮ್ಲಿಯ ಬೇಗದ ಲೈಲ್ಯಾಕ್

ಸರೋವರದ ದಡದ ಪುಟ್ಟ ಊರು ಗಿಮ್ಲಿಯಲ್ಲಿ ಲೈಲ್ಯಾಕ್ ಹೂ ಮೊದಲು ಬಿಡುವುದು ಸಿಗ್ಗಾಳ ಅಂಗಳದಲ್ಲೋ, ರಸ್ತೆಯಾಚೆ ಅವಳ ತಂಗಿ ಲೌಗಾಳ ಅಂಗಳದಲ್ಲೋ ಎಂಬ ಜಗಳ ಅವರಿಬ್ಬರ ತಲೆ ಬೆಳ್ಳಗಾದರೂ ಮುಗಿದಿರಲಿಲ್ಲ. ಎರಡೂ ಗಿಡ ಒಂದೇ ತಾಯಿಗಿಡದ ತುಂಡುಗಳು. ಹವಾಮಾನ ಹೇಗೆ ಬದಲಾಗುತ್ತಿದೆ ಎಂದು ತಿಳಿಯಲು ಸಂಶೋಧಕರು ಸರೋವರದ ಸುತ್ತಲಿನ ಊರೂರಿಗೂ ಅಂಥವನ್ನು ಹಂಚಿದ್ದರು. ಕೆಲಸವೇನೂ ದೊಡ್ಡದಲ್ಲ. ಪ್ರತಿ ವಸಂತದಲ್ಲಿ ಮೊದಲ ಹೂ ಬಿಟ್ಟ ದಿನ ವಿನಿಪೆಗ್ ನಗರದಲ್ಲಿದ್ದ ಅವರಿಗೆ ಫೋನು ಮಾಡಿ ಹೇಳಿದರಾಯಿತು.

ಅಕ್ಕತಂಗಿಯರು ಅದಕ್ಕೊಂದು ಪಣ ಸೇರಿಸಿದ್ದರು. ಫೋನು ಮಾಡುವುದರಲ್ಲಿ ಹಿಂದೆ ಬಿದ್ದವಳು ವೀನಾರ್ಟೆರ್ತಾ ಮಾಡಿ, ಒಣಪ್ಲಮ್ಮಿನ ಆ ಪದರುಪದರಿನ ಕೇಕನ್ನು ಗೆದ್ದವಳ ಮನೆಗೆ ತಾನೇ ಹೊತ್ತು ತರಬೇಕು. ಕೇಕು ಯಾರಿಗೆ ಬೇಕಿತ್ತು? ಹೊತ್ತು ತರುವವಳ ಮುಖ ನೋಡುವುದೇ ಸುಖ.

ಏಪ್ರಿಲ್‌ನಲ್ಲಿ ವಿನಿಪೆಗ್‌ನಿಂದ ಡಾರ್ಕಾ ಎಂಬ ಸಂಶೋಧಕಿ ಹುಡುಗಿ ಬಂದಳು. ಸಿಗ್ಗಾಳ ಅಡುಗೆಮನೆಯಲ್ಲಿ ಕೂತು, ಕಾಫಿಯನ್ನೂ ಮರೆತು, ಕಂಪ್ಯೂಟರ್ ತೆರೆದಳು.

"ನೋಡಿ ಅಮ್ಮ, ಸುತ್ತಲ ಊರುಗಳಲ್ಲಿ ವಸಂತ ಮೆಲ್ಲಗೆ ಬೇಗ ಬೇಗ ಬರೋಕೆ ಶುರು ಮಾಡಿದೆ. ಗಿಮ್ಲೀಲಿ ಮಾತ್ರ ಓಡೋಡಿ ಬರ್ತಿದೆ. ನನ್ನ ಇಡೀ ಪ್ರಬಂಧ ನಿಂತಿರೋದೇ ನಿಮ್ಮಿಬ್ಬರ ಮೇಲೆ."

ಹಲ್ಲಿನ ನಡುವೆ ಸಕ್ಕರೆಯ ತುಂಡು ಕಚ್ಚಿಕೊಂಡು ಕಾಫಿ ಹೀರುತ್ತಿದ್ದ ಸಿಗ್ಗಾ ಹಾಗೇ ನಿಂತಳು. ಪರದೆಯ ಮೇಲೆ, ಹೂ ಬಿಟ್ಟ ದಿನ ತೋರಿಸುವ ಕೆಂಪು ಗೆರೆಯೊಂದು ವರ್ಷದಿಂದ ವರ್ಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಒಂದೊಂದು ಮೆಟ್ಟಿಲಿನ ಗುರುತೂ ಅವಳಿಗಿತ್ತು. ಇದು ಲೌಗಾ ಹೊಸ ಹಲ್ಲುಸೆಟ್ಟು ಕಟ್ಟಿಸಿಕೊಂಡು ಮೆರೆದ ವರ್ಷ. ಇದು ತಾನು ಸೊಂಟ ಮುರಿದುಕೊಂಡು, ಗಿಡವನ್ನು ನೋಡದೆಯೇ ಆಸ್ಪತ್ರೆಯ ಹಾಸಿಗೆಯಿಂದ ಫೋನು ಮಾಡಿದ ವರ್ಷ.

"ಮಗೂ," ಎಂದಳು ಸಿಗ್ಗಾ, "ಅದು ವಸಂತ ಅಲ್ಲ ಕಣಮ್ಮ. ಅದು ಲೌಗಾ."

ಲೌಗಾಳನ್ನು ಕರೆಸಿದ್ದಾಯಿತು. ಅವಳೇನು ಸುಮ್ಮನೆ ತಪ್ಪು ಹೊರುವವಳೇ?

"ಶುರು ಮಾಡಿದ್ದು ಇವಳು. ಮೊಗ್ಗಿಗೆ ಬಣ್ಣ ಬಂದ್ರೆ ಅರಳಿದ ಹಾಗೇ ಅಂತ ನಂಗೇ ಪಾಠ ಹೇಳಿದ್ಲು."

"ಬಣ್ಣನಾದ್ರೂ ಬಂದಿತ್ತು. ನೀನು ಮೊಗ್ಗು ಊದಿದ್ದಕ್ಕೇ ಫೋನು ಹಿಡಿದ್ಯಲ್ಲೇ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಅಂದರೆ ಇದೇ. ಡಾರ್ಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕಂಪ್ಯೂಟರ್ ಮುಚ್ಚಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

"ಗಿಮ್ಲಿಯನ್ನ ಪೂರ್ತಿ ತೆಗೆದುಹಾಕಬೇಕು. ಇಷ್ಟೂ ವರ್ಷದ್ದು."

ಸಿಗ್ಗಾ ಮುಚ್ಚಿದ ಕಂಪ್ಯೂಟರನ್ನೇ ನೋಡಿದಳು. ತಾನು ಹೋದ ಮೇಲೂ ಉಳಿಯುವಂಥದ್ದು ಈ ಲೆಕ್ಕವೊಂದೇ ಎಂದು ಅವಳು ಒಳಗೊಳಗೇ ಬೀಗಿದ್ದಳು.

"ಈ ವರ್ಷ ನಿಜ ಹೇಳಿದ್ರೆ?"

"ಹೊಸದಾಗಿ ಶುರು ಮಾಡೋಣ. ಆದ್ರೆ ಇನ್ನೊಂದು ಸುಳ್ಳು ಸಿಕ್ಕಿದ್ರೆ ಈ ಕೆಲಸ ಬೇರೆ ಊರಿಗೆ ಹೋಗುತ್ತೆ ಅಮ್ಮ. ನನ್ನ ಕೈಲೂ ತಡೆಯೋಕಾಗಲ್ಲ."

ಮೇ ತಿಂಗಳು ಬಂತು. ಇಬ್ಬರೂ ಸತ್ಯವಂತರಾಗಿಬಿಟ್ಟರು, ಆದರೆ ತಾ ಕಳ್ಳ ಪರರ ನಂಬ. ಬೆಳಗಾದರೆ ಲೌಗಾ ಭೂತಗನ್ನಡಿ ಹಿಡಿದು ಅಕ್ಕನ ಅಂಗಳಕ್ಕೆ ಬರುವಳು. ಸಂಜೆ ಸಿಗ್ಗಾ ಕೋಲೂರಿಕೊಂಡು ತಂಗಿಯ ಅಂಗಳಕ್ಕೆ. ಒಂದೊಂದು ಮೊಗ್ಗಿನ ಮೇಲೂ ವಾದ.

ಮಂಡಿನೋವಿನಿಂದ ಲೌಗಾ ಎರಡು ದಿನ ಬರಲಿಲ್ಲ, ಸಿಗ್ಗಾಳನ್ನೂ ಬರಬೇಡ ಎಂದಳು. ಮೂರನೆಯ ಬೆಳಗ್ಗೆ ಸಿಗ್ಗಾ ನೋಡುತ್ತಾಳೆ, ದಕ್ಷಿಣದ ಕೊಂಬೆಯ ಗೊಂಚಲಲ್ಲಿ ಪುಟ್ಟ ಹೂವೊಂದು ನಾಲ್ಕೂ ಎಸಳು ಬಿಚ್ಚಿ ಕೂತಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ತಂಗಿಯನ್ನು ಕೂಗಿದಳು.

ಕುಂಟುತ್ತ ಬಂದ ಲೌಗಾ ಭೂತಗನ್ನಡಿ ಎತ್ತಲೇ ಇಲ್ಲ.

"ನಂದು ಮೊನ್ನೇನೇ ಬಿಟ್ಟಿದೆ ಅಕ್ಕಾ. ಇಷ್ಟು ಬೇಗ ಅಂದ್ರೆ ಯಾರೂ ನಂಬಲ್ಲ ಅಂತ ಸುಮ್ನಿದ್ದೆ."

"ಮಂಡಿನೋವು?"

"ಅದೊಂದು ಸುಳ್ಳು."

ಸಿಗ್ಗಾ ಫೋನು ಮಾಡಿ ಎರಡೂ ಗಿಡದ ದಿನ ಹೇಳಿದಾಗ ಡಾರ್ಕಾ ಉಸಿರುಬಿಟ್ಟದ್ದು ಕೇಳಿಸಿತು. "ಅಮ್ಮಾ, ಮಾತು ಕೊಟ್ಟಿದ್ರಲ್ಲ."

"ಬಂದು ಕಣ್ಣಾರೆ ನೋಡು. ಆಮೇಲೆ ಬೈಯಿ."

ಅವಳು ಮಧ್ಯಾಹ್ನವೇ ಬಂದಳು. ಎರಡೂ ಗಿಡದ ಮುಂದೆ ಮಂಡಿಯೂರಿ ಫೋಟೋ ತೆಗೆದಳು, ಎಸಳು ಮುಟ್ಟಿ ನೋಡಿದಳು. ಆಮೇಲೆ ಸಿಗ್ಗಾಳ ಮೆಟ್ಟಿಲ ಮೇಲೆ ಬಂದು ಕೂತಳು. ಮುಖದಲ್ಲಿ ಸಂತೋಷವಿರಲಿಲ್ಲ.

"ನೀವು ಹೇಳಿದ ಸುಳ್ಳಲ್ಲಿ ತೀರಾ ಬೇಗದ್ದು ಯಾವುದು?"

"ಒಂದ್ಸಲ ಮೇ ತಿಂಗಳ ವಿಕ್ಟೋರಿಯಾ ದಿನದ ರಜೆಗೇ ಅರಳಿತು ಅಂದಿದ್ದೆ," ಎಂದಳು ಲೌಗಾ. "ಅದಕ್ಕಿಂತ ಹಿಂದಕ್ಕೆ ಹೋಗೋಕೆ ನಮಗೇ ನಾಚಿಕೆ ಆಗ್ತಿತ್ತು."

ಆ ರಜೆ ಬರಲು ಇನ್ನೂ ಒಂದು ವಾರವಿತ್ತು. ನಿಜದ ಹೂವು ಅವರ ಸುಳ್ಳನ್ನೂ ಹಿಂದೆ ಹಾಕಿತ್ತು.

"ಒಂದು ವರ್ಷ ನೋಡಿ ಏನೂ ಹೇಳೋಕಾಗಲ್ಲ," ಎಂದಳು ಡಾರ್ಕಾ, ತನಗೆ ತಾನೇ ಹೇಳಿಕೊಳ್ಳುವಂತೆ.

ಸಿಗ್ಗಾಳಿಗೆ ಭಯವಾಯಿತು. ಜೀವಮಾನದಲ್ಲಿ ಮೊದಲ ಸಲ, ತಂಗಿ ಹೇಳಿದ್ದು ಸುಳ್ಳೇ ಆಗಿರಬಾರದಿತ್ತೇ ಎಂದು ಅವಳು ಆಸೆಪಟ್ಟಳು. ಲೌಗಾಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಳು.

"ಲೌಗಾಂದೇ ಮೊದಲು ಅಂತ ಬರ್ಕೋ ಮಗೂ," ಎಂದಳು.