ಹೊಟ್ಟೆಯೊಳಗಿನ ಹಳೆಯ ಲೆಕ್ಕ

ಅಬಿಡ್ಸ್‌ನ ಅಂಗಡಿಯಲ್ಲಿ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಗಡಿಬಿಡಿ. ಮಾಲೀಕ ಅಮರೇಶಪ್ಪನವರು ಸ್ಕ್ರೂಡ್ರೈವರು, ಇಕ್ಕಳ, ಗಾಜಿನ ಥರ್ಮಾಮೀಟರು ಎಲ್ಲವನ್ನೂ ಮೇಜಿನ ಮೇಲೆ ಹೊಂದಿಸಿ, ನಡುವೆ ಮಾದರಿ ಯಂತ್ರವನ್ನು ಮದುಮಗನಂತೆ ಕೂರಿಸಿದ್ದರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಮೈಬಿಸಿ ಅಳೆದು ಪರದೆಯ ಮೇಲೆ ತೋರಿಸುವ, ಮೈ ತಣ್ಣಗಾದರೆ ಕೂಗಿಕೊಳ್ಳುವ ಡಬ್ಬಿ ಅದು. ಹೈದರಾಬಾದಿನ ಹಲವು ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಅಂಥವು ಕೂತಿದ್ದವು. ಅವುಗಳ ಒಳಗಿನ ಸಾಫ್ಟ್‌ವೇರ್ ಬರೆದವಳು ನೀಲಾ.

ಮಂಗಳಾರತಿ ನಡೆಯುತ್ತಿತ್ತು. ನೀಲಾ ಕೈ ಮುಗಿದು ನಿಂತಿದ್ದಳು, ಕಣ್ಣು ಮಾತ್ರ ಪರದೆಯ ಮೇಲಿತ್ತು. ಯಂತ್ರದ ಸೆನ್ಸಾರೂ ಗಾಜಿನ ಥರ್ಮಾಮೀಟರೂ ಒಂದೇ ಕಡೆ, ಒಂದೇ ಬಲ್ಬಿನ ಕೆಳಗೆ, ಕುಂಕುಮ ಹಚ್ಚಿಸಿಕೊಂಡು ಅಕ್ಕಪಕ್ಕ ಮಲಗಿದ್ದವು. ಆದರೂ ಯಂತ್ರ ಗಾಜಿಗಿಂತ ಒಂದು ಡಿಗ್ರಿಗೂ ಹೆಚ್ಚು ತೋರಿಸುತ್ತಿತ್ತು.

ಈ ತಪ್ಪು ಅವಳಿಗೆ ಹೊಸದಲ್ಲ. ಸೆನ್ಸಾರಿನ ಮಾದರಿ ಬದಲಾದ ಮೇಲೆ ಹಳೆಯ ಲೆಕ್ಕ ಸರಿಹೋಗದೆ ಯಂತ್ರ ಹೆಚ್ಚು ಬಿಸಿ ತೋರಿಸುತ್ತಿದೆ ಎಂದು ಕಂಡುಹಿಡಿದು, ಲೆಕ್ಕದ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಲೆಕ್ಕದ ತುಣುಕನ್ನು, ಹೋದ ವಾರವೇ ತಿದ್ದಿ ಎಲ್ಲ ಕಡೆಗೂ ಕಳಿಸಿದ್ದಳು. ಆಸ್ಪತ್ರೆಗಳ ಡಬ್ಬಿಗಳು ಒಂದೊಂದು ಕಾಲದವು. ಹಾಗಾಗಿ ಸಿದ್ಧ ಪ್ರೋಗ್ರಾಂ ಕಳಿಸುವಂತಿರಲಿಲ್ಲ. ಬರೆದ ಮೂಲ ಕೋಡನ್ನೇ, ಅಂದರೆ ಸೋರ್ಸ್, ಕಳಿಸಿದರೆ ಆಯಾ ಡಬ್ಬಿಯೊಳಗಿನ ಪ್ಯಾಕೇಜ್ ಮ್ಯಾನೇಜರ್ ಎಂಬ ಮೇಲ್ವಿಚಾರಕ ಪ್ರೋಗ್ರಾಂ ಅದನ್ನು ಅಲ್ಲೇ ಬಿಲ್ಡ್ ಮಾಡಿ, ಓಡುವ ಪ್ರೋಗ್ರಾಮಾಗಿ ಕಟ್ಟಿಕೊಳ್ಳುತ್ತಿತ್ತು. ಎಲ್ಲ ಕಡೆಯಿಂದಲೂ ‘ಎಲ್ಲವೂ ಹೊಸದಾಗಿದೆ’ ಎಂಬ ಉತ್ತರ ಬಂದಿತ್ತು. ಅವಳು ನೆಮ್ಮದಿಯಾಗಿ ಊಟ ಮಾಡಿದ್ದಳು.

ಈಗ ಅವಳಿಗೆ ಹೊಳೆಯಿತು: ಹೊಸದಾಗಿದ್ದು ಲೈಬ್ರರಿ ಮಾತ್ರ. ಪರದೆಗೆ ಅಂಕಿ ಕೊಡುವ ಪ್ರೋಗ್ರಾಂ ತಾನು ಬಿಲ್ಡ್ ಆದ ದಿನವೇ ಹಳೆಯ ಲೆಕ್ಕವನ್ನು ನುಂಗಿ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಅದನ್ನೂ ಮತ್ತೆ ಬಿಲ್ಡ್ ಮಾಡಿದ್ದರಷ್ಟೇ ಹೊಸ ಲೆಕ್ಕ ಒಳಗೆ ಹೋಗುತ್ತಿತ್ತು. ಮೊದಲು ಹಾಗೇ ಆಗುತ್ತಿತ್ತು ಕೂಡ. ಆದರೆ ಏನೋ ಒಂದು ಚೂರು ಬದಲಾದರೂ ಡಬ್ಬಿ ಎಲ್ಲವನ್ನೂ ಮತ್ತೆ ಕಟ್ಟಲು ಕೂತು, ಅರ್ಧ ದಿನ ಪರದೆ ಕಪ್ಪಾಗಿ, ಡಾಕ್ಟರುಗಳು ಅಮರೇಶಪ್ಪನವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆಗ ನೀಲಾ ಒಂದು ನಿಯಮ ಬರೆದಳು: ಪ್ರೋಗ್ರಾಮಿನ ಸ್ವಂತ ವರ್ಷನ್ ನಂಬರು ಬದಲಾದರೆ ಮಾತ್ರ ಬಿಲ್ಡ್ ಮಾಡು, ಇಲ್ಲದಿದ್ದರೆ ಸುಮ್ಮನಿರು. ಆ ಜಾಣತನಕ್ಕೆ ಅಮರೇಶಪ್ಪನವರು ಅಂಗಡಿಗೆಲ್ಲ ಪೇಡೆ ಹಂಚಿದ್ದರು.

"ಕಾಕಾರ, ಯಂತ್ರ ಸುಳ್ಳು ಹೇಳಾಕತ್ತೈತ್ರಿ."

"ಪೂಜಿ ಹೊತ್ತಿನ್ಯಾಗ ಎಂಥಾ ಮಾತಾಡ್ತೀಯವ್ವಾ! ಹೋದ ವಾರ ನೀನ ಸರಿ ಮಾಡೀನಿ ಅಂದಿದ್ದಿ."

"ಅಡಗಿ ಮನಿ ಡಬ್ಬಿ ಒಳಗಿನ ಬೆಲ್ಲ ಬದ್ಲಿ ಮಾಡಿದಂಗ ಮಾಡೀನ್ರಿ. ಬೇಯಿಸಿಟ್ಟ ಹೋಳಿಗ್ಯಾಗ ಹಳೇ ಬೆಲ್ಲನ ಐತಿ. ಹೋಳಿಗಿ ಮತ್ತ ಮಾಡಬೇಕಿತ್ತು. ಬ್ಯಾಡ ಅಂತ ನಾನ ಬರದಿಟ್ಟೀನಿ." ಅವಳು ಮಾದರಿ ಯಂತ್ರದತ್ತ ಕೈ ಚಾಚಿದಳು.

ಅಮರೇಶಪ್ಪನವರು ಅಡ್ಡ ಬಂದರು. "ಪೂಜಿ ಮಾಡಿದ ಹತ್ಯಾರ ಬನ್ನಿ ಮುಡಿಯೋತನಕ ಮುಟ್ಟಬಾರದು. ಆಸ್ಪತ್ರೆಗೋಳಾಗೂ ನಮ್ಮ ಡಬ್ಬಿಗೆ ಕುಂಕುಮ ಹಚ್ಚಿರ್ತಾರ. ನಾಳೆ ದಸರಾ ಮುಗೀಲಿ, ಗದ್ಲ ಇಲ್ದಂಗ ಮಾಡೂಣು. ಇವತ್ತ ಬಾಯಿ ಬಿಟ್ರ ನಮ್ಮ ಹೆಸರು ಮಣ್ಣಾಗ ಹೊಕ್ಕೈತಿ."

"ನಮ್ಮ ರಶ್ಮಿ ಕೂಸು ಐತ್ರಿ ಕಾಕಾರ, ನಾಂಪಲ್ಲಿಯೊಳಗ!"

ರಶ್ಮಿ ಅವಳ ತಮ್ಮ ಪವನನ ಹೆಂಡತಿ. ಎಂಟನೆಯ ತಿಂಗಳಿಗೇ ಹೆರಿಗೆ. ಮಲ್ಕಾಜ್‌ಗಿರಿಯ ಮನೆಯ ಹತ್ತಿರವೇ ಆಸ್ಪತ್ರೆಯಿತ್ತು; ಅಲ್ಲಿ ಬೇಡ, ನಾಂಪಲ್ಲಿಯ ನರ್ಸಿಂಗ್ ಹೋಮಿನಲ್ಲಿ ನಮ್ಮ ಯಂತ್ರ ಇದೆ ಎಂದು ಹಟ ಹಿಡಿದು ಸೇರಿಸಿದವಳು ನೀಲಾ. ಮೊನ್ನೆ ರಶ್ಮಿ, "ಅಕ್ಕಾರ, ಕೂಸಿನ ಅಂಗಾಲು ತಣ್ಣಗ ಹತ್ತಾಕತ್ತಾವ್ರಿ" ಎಂದಿದ್ದಳು. ನೀಲಾ ಪರದೆ ತೋರಿಸಿ, "ಮೂವತ್ತಾರೂವರಿ ಐತಿ, ನೋಡಿಲ್ಲಿ. ನಿನ್ನ ಕೈ ಬಿಸಿ ಅದಾವ, ಅದಕ್ಕ ಹಂಗ ಅನಸ್ತೈತಿ" ಎಂದು ನಕ್ಕಿದ್ದಳು. ತಾನೊಮ್ಮೆ ಮುಟ್ಟಿ ನೋಡಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಅಮರೇಶಪ್ಪನವರು ಮತ್ತೇನೋ ಹೇಳುತ್ತಿದ್ದಾಗಲೇ ಅವಳು ಮೆಟ್ಟಿಲಿಳಿದಿದ್ದಳು. ಆಟೋದಲ್ಲಿ ಕೂತು ನರ್ಸಿಂಗ್ ಹೋಮಿಗೂ ರಶ್ಮಿಗೂ ಪವನನಿಗೂ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಅಬಿಡ್ಸ್‌ನಿಂದ ನಾಂಪಲ್ಲಿ ಎಷ್ಟು ದೂರ ಮಹಾ! ಆದರೆ ಅಂದು ರಸ್ತೆ ತುಂಬ ಹೂವಿನ ಗಾಡಿಗಳು, ಪ್ರತಿ ಗಾಡಿಯ ಮುಂದೆ ಚೌಕಾಸಿ ಮಾಡುವವರ ಗುಂಪು. ಅವಳು ಆ ಹೂವಿಗೂ, ತನ್ನ ನಿಯಮಕ್ಕೂ, ಅದನ್ನು ಬರೆದ ಕೈಗೂ ಶಾಪ ಹಾಕಿದಳು.

ವಾರ್ಡಿನಲ್ಲಿ ಯಂತ್ರದ ನೆತ್ತಿಗೆ ಕುಂಕುಮವಿತ್ತು, ಚೆಂಡುಹೂವಿನ ಮಾಲೆಯಿತ್ತು. ಬೆಚ್ಚನೆಯ ಪೆಟ್ಟಿಗೆಯೊಳಗೆ ಕೂಸು ಅಳದೆ, ಅಲುಗದೆ ಮಲಗಿತ್ತು. ಪರದೆಯಲ್ಲಿ ಮೂವತ್ತಾರೂವರೆ.

"ಸಿಸ್ಟರ್, ಥರ್ಮಾಮೀಟರ್ ಹಚ್ಚಿ ನೋಡಿ, ಜಲ್ದಿ!" ಎಂದು ಅವಳು ಹಿಂದಿಯಲ್ಲಿ ಕೂಗಿದಳು.

"ಮಶೀನ್ ಸರಿಯಾಗಿ ತೋರಿಸುತ್ತಿದೆಯಲ್ಲಾ, ಮೇಡಂ?"

"ಮಶೀನ್ ನನ್ನದೇ. ಅದನ್ನು ನಂಬಬೇಡಿ."

ನರ್ಸು ಕೂಸಿನ ಕಂಕುಳಲ್ಲಿಟ್ಟ ಥರ್ಮಾಮೀಟರು ಮೂವತ್ತೈದು ತೋರಿಸಿತು. ಅವಳು ಡಾಕ್ಟರನ್ನು ಕೂಗಿದಳು. ಡಾಕ್ಟರು ಓಡಿ ಬಂದರು. ಕೂಸಿಗೆ ಟೊಪ್ಪಿಗೆ ಹಾಕಿ, ಅದನ್ನು ರಶ್ಮಿಯ ಬರಿ ಎದೆಗೆ ಅಂಟಿಸಿ, ಮೇಲೆ ಕಂಬಳಿ ಹೊದಿಸಿದರು. ನೀಲಾ ಮಾಲೆ ಕಿತ್ತು ಕೆಳಗಿಟ್ಟು ಯಂತ್ರದ ಪ್ಲಗ್ ಎಳೆದಳು. ಕಾರಿಡಾರಿನಲ್ಲಿ ನಿಂತು ಅಮರೇಶಪ್ಪನವರಿಗೆ ಫೋನು ಮಾಡಿದಳು.

"ಮುಟ್ಟೀನಿ ಕಾಕಾರ. ಬಂದ್ ಮಾಡೀನಿ. ಕೂಸು ತಣ್ಣಗಾಗಿತ್ತು. ಉಳಿದ ಆಸ್ಪತ್ರೆಗೋಳಿಗೂ ಈಗ ಹೇಳಾಕ ಬೇಕು."

ಆ ಕಡೆ ಮೇಜಿನ ಡ್ರಾಯರು ಎಳೆದು ಹಾಳೆ ತಿರುವಿದ ಸದ್ದು ಕೇಳಿಸಿತು.

"ಎಲ್ಲಾರಿಗೂ ನಾ ಫೋನ್ ಹಚ್ತೀನಿ," ಎಂದರು ಅಮರೇಶಪ್ಪನವರು. "ನೀ ಆ ನಿಯಮ ಸರಿ ಮಾಡು."

ನೀಲಾ ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು. ಹೊಸ ನಿಯಮ ಇಷ್ಟೇ: ಹೊಟ್ಟೆಗೆ ಹೋದ ಯಾವುದೇ ವಸ್ತು ಬದಲಾದರೂ, ಅದನ್ನು ನುಂಗಿದ ಪ್ರೋಗ್ರಾಂ ಮತ್ತೆ ಬಿಲ್ಡ್ ಆಗಲೇಬೇಕು, ನಂಬರು ಏನೇ ಇರಲಿ. ಪರದೆ ಕಪ್ಪಾದರೆ ಆಗಲಿ. ಕಪ್ಪು ಪರದೆಯ ಮುಂದೆ ನರ್ಸು ಥರ್ಮಾಮೀಟರನ್ನಾದರೂ ಹುಡುಕುತ್ತಾಳೆ. ಬರೆದು ಮುಗಿಸುವ ಹೊತ್ತಿಗೆ ಕೂಸು ಅತ್ತಿತು. ಆ ಅಳು ಕೇಳಿ ನೀಲಾ ಕೂಡ ಅತ್ತಳು.

ಮರುದಿನ ದಸರೆ. ಮನೆಯವರಿಗೆಲ್ಲ ನೀಲಾ ದೇವರಾಗಿದ್ದಳು. ಅಕ್ಕ ಓಡಿಹೋಗಿ ಕೂಸನ್ನು ಉಳಿಸಿದಳು ಎಂದು ಪವನ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ನೀಲಾಳಿಗೆ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಬನ್ನಿ ಎಲೆ ಹಿಡಿದು ವಾರ್ಡಿಗೆ ಬಂದಾಗ ರಶ್ಮಿ ಕೂಸನ್ನು ಎದೆಗವಚಿ ಕೂತಿದ್ದಳು.

"ಅಕ್ಕಾರ, ನೀವು ಇರಲಿಲ್ಲಂದ್ರ..."

"ಹಂಗನ್ನಬ್ಯಾಡ ರಶ್ಮಿ," ಎಂದಳು ನೀಲಾ. "ಯಂತ್ರ ಸುಳ್ಳು ಹೇಳಿದ್ದು ನನ್ನಿಂದ. ಅರ್ಧ ಸರಿ ಮಾಡಿ ಪೂರಾ ಆತು ಅಂತ ಕುಂತಿದ್ದೆ. ನೀ ಅವತ್ತ ಹೇಳಿದ್ದ ಖರೇ ಇತ್ತು."

ರಶ್ಮಿ ಅವಳನ್ನೇ ನೋಡಿದಳು. ಅವಳ ಕಣ್ಣುಗಳು ತುಂಬಿ ಬಂದವು. ಅದು ಸಿಟ್ಟೋ ದುಃಖವೋ ನೀಲಾಳಿಗೆ ತಿಳಿಯಲಿಲ್ಲ. ಬನ್ನಿ ಎಲೆಗೆ ರಶ್ಮಿ ಕೈ ಒಡ್ಡಲಿಲ್ಲ. ನಿಧಾನವಾಗಿ ಕಂಬಳಿಯ ಅಂಚು ಸರಿಸಿ, ಬೆರಳಿನಷ್ಟುದ್ದದ ಎರಡು ಪಾದಗಳನ್ನು ಹೊರತೆಗೆದಳು.

"ಬನ್ನಿ ಆಮ್ಯಾಲ ಕೊಡ್ರಿ," ಎಂದಳು. "ಮೊದ್ಲ ಇವನ್ನ ಮುಟ್ಟಿ ನೋಡ್ರಿ."

ನೀಲಾ ಎಲೆಗಳನ್ನು ಹಾಸಿಗೆಯ ಮೇಲಿಟ್ಟಳು. ಅವಳ ಕೈ ಮಂಜಿನಂತೆ ತಣ್ಣಗಿತ್ತು. ಎರಡೂ ಅಂಗೈಗಳನ್ನು ಬಹಳ ಹೊತ್ತು ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡು, ಆಮೇಲೆ ಕೂಸಿನ ಪಾದಗಳನ್ನು ಮುಟ್ಟಿದಳು.