ರಾಕ್ಷಸನ ಅಂಗಿಯ ಅಳತೆ

ನೊಣ ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತಿದೆ, ನನ್ನ ನಕ್ಷತ್ರದ ಬೆಳಕಿನ ಗೆರೆ ಹಿಡಿದುಕೊಂಡೇ, ಗೆರೆ ಕುಸಿಯುವ ಹಳ್ಳದ ತುದಿಗೆ ಬಂದು ಕಾಲು ಉಜ್ಜುತ್ತ ನಿಂತಿದೆ — ಇಳಿ, ಹೆದರಬೇಡ, ಪುಟ್ಟ ನಕ್ಷತ್ರ ತನ್ನ ಜೋಡಿ ನಕ್ಷತ್ರದ, ಆ ದೈತ್ಯನ, ಹಿಂದೆ ಹೋದಾಗ ಬೆಳಕು ಕಮ್ಮಿಯಾದ ಗುರುತು ಅದು, ಆಚೆ ದಡದಲ್ಲಿ ಹೊರಗೆ ಬರುತ್ತೆ, ಎಷ್ಟು ಹೊತ್ತು ಮರೆಯಾಗಿತ್ತೋ ಅದರ ಮೇಲೆ ದೈತ್ಯನ ಗಾತ್ರ, ಒಂದನ್ನೊಂದು ಎಷ್ಟು ಜೋರಾಗಿ ಎಳೆದಾಡುತ್ತವೋ ಅದರ ಮೇಲೆ ತೂಕ, ಅಷ್ಟೇ ವಿದ್ಯೆ, ಹಾಲುಹಲ್ಲು ಬೀಳುವ ಮುಂಚೆಯೇ ಅಜ್ಜಿ ಕಲಿಸಿದ್ದಳು, ರಾಕ್ಷಸನಿಗೆ ಅಂಗಿ ಹೊಲಿಯಬೇಕಾದ ಹುಡುಗಿಯ ಕಥೆಯಲ್ಲಿ, ಟೇಪು ಹಿಡಿದು ಹತ್ತಿರ ಹೋದರೆ ನುಂಗಿಬಿಡುತ್ತಾನೆ, ಅದಕ್ಕೆ ಅವಳು ದೂರದ ಗುಡ್ಡದ ಮೇಲೆ ಕೂತು ಗುಬ್ಬಿಯೊಂದನ್ನು ಹಾರಿಬಿಟ್ಟಳು, ಅದು ಅವನ ಹಿಂದೆ ಹೊಕ್ಕು ಈಚೆ ಬರುವ ತನಕ ಮನಸ್ಸಿನಲ್ಲೇ ಎಣಿಸಿದಳು, ಅಜ್ಜಿ ಅಲ್ಲಿ ಉಸಿರು ಬಿಗಿಹಿಡಿಯೋಳು, ನಾನೂ ಹಿಡಿಯುತ್ತಿದ್ದೆ, ಗುಬ್ಬಿ ಹೊರಗೆ ಬರುವಷ್ಟರಲ್ಲಿ ನನಗೆ ಕಣ್ಣೆಳೆಯುತ್ತಿತ್ತು — ಬಾಗಿಲಲ್ಲಿ ಮೇಡಂ, ನನ್ನ ಗೈಡು, ಊಟಕ್ಕೆ ಮುಂಚೆ ನಿನ್ನ ಪ್ರಬಂಧ ಜರ್ನಲ್‌ಗೆ ಕಳಿಸ್ತಾ ಇದೀನಿ, ಏನಾದ್ರೂ ಇದ್ರೆ ಈಗ್ಲೇ ಹೇಳು, ಏನಿಲ್ಲ ಮೇಡಂ, ಅಂದೆ, ಎದುರು ಮೇಜಿನ ಸೀನಿಯರ್, ನಾನಿಟ್ಟ ಹೆಸರು ಗಂಟೆಯಣ್ಣ, ತಲೆ ಎತ್ತಲಿಲ್ಲ, ಅವನು ಇದೇ ದೈತ್ಯನ ನಡುಕದಿಂದ ಗಾತ್ರ ಹೇಳುವವನು, ದೊಡ್ಡ ಗಂಟೆಯ ನಾದ ದಪ್ಪ, ಸಣ್ಣದರದು ತೆಳು, ನಕ್ಷತ್ರವೂ ಹಾಗೇ ಒಳಗೊಳಗೇ ಮೊಳಗುತ್ತೆ, ಬೆಳಕು ಸಣ್ಣಗೆ ಅದುರುತ್ತೆ, ಅವನ ಲೆಕ್ಕಕ್ಕೆ ದೈತ್ಯ ಇನ್ನೂ ದೊಡ್ಡವನು, ಇನ್ನೂ ಭಾರ, ನನ್ನ ಲೆಕ್ಕಕ್ಕೆ ಅಷ್ಟಿಲ್ಲ, ನನ್ನದು ಅಚ್ಚಾದರೆ ಅವನ ಇಷ್ಟು ವರ್ಷದ ಪಿಎಚ್‌ಡಿ ನೀರುಪಾಲು, ನನ್ನ ಗಂಟೆ ಬಿರುಕು ಬಿಟ್ಟಿದೆ ಕಣೇ, ಅಂದ ಬೆಳಿಗ್ಗೆ, ನಗ್ತಾನೇ ಅಂದ, ಟೀ ಮಾತ್ರ ಹಾಗೇ ಆರಿ ಕೆನೆಗಟ್ಟಿತು.

ಎಂಥ ದೈತ್ಯ ಇವನು, ಸಾಲು ಸಾಲು ಸೂರ್ಯರನ್ನು ನುಂಗಿ ಕೂರಬಲ್ಲ ಹೊಟ್ಟೆ, ತೂಕ ನೋಡಿದರೆ ಎರಡು ಸೂರ್ಯನಷ್ಟೂ ಇಲ್ಲ, ಹೊರಮೈಯೆಲ್ಲ ನಾವು ಉಸಿರಾಡುವ ಗಾಳಿಗಿಂತ ತೆಳು, ಫೋನಿನಲ್ಲಿ ಅಜ್ಜಿಗೆ ಹೇಳಿದರೆ, ಪಾಪ, ಬರೀ ಊದ್ಕೊಂಡಿದಾನೆ, ಯಾರಿಗಾದ್ರೂ ತೋರಿಸ್ಬಾರದಾ — ನೊಣ ಇಳಿಯುತ್ತಿದೆ, ಬೀಳದೆ, ನಿಧಾನಕ್ಕೆ, ಯಾಕೆ ನಿಧಾನ, ದಂಡೆ ಗೋಡೆಯ ಹಾಗೆ ಕಡಿದಾಗಿರಬೇಕಿತ್ತಲ್ಲ, ಇದು ಇಳಿಜಾರು, ಪುಟ್ಟದು ದಬಕ್ಕನೆ ಮರೆಯಾಗಿಲ್ಲ, ಅಂಚು ಸವರಿಕೊಂಡು ಹೋಗಿದೆ — ಒಂದೇ ಒಂದು ಸಲ ನಿದ್ದೆ ತಡೆದು ಕೇಳಿದ್ದೆ, ಅಂಗಿ ಸರಿಹೋಯ್ತಾ ಅಜ್ಜಿ, ಎಲ್ಲಿ ಸರಿಹೋಗುತ್ತೆ, ಗುಂಡಿ ಹಾಕೋಕೇ ಆಗ್ಲಿಲ್ಲ, ಎದೆ ಹತ್ರ ಪರ್ರಂತ ಹರೀತು, ಎಣಿಸಿದ್ದು ತಪ್ಪಾಯ್ತಾ, ಎಣಿಸಿದ್ದು ಸರೀನೇ ಇತ್ತು ಪುಟ್ಟಿ, ಗುಬ್ಬಿ ಬೆನ್ನ ಹಿಂದೆ ಹೋಯ್ತೋ ಕುತ್ತಿಗೆ ಹಿಂದೆ ಹೋಯ್ತೋ ಅಂತ ಅವಳು ನೋಡ್ಲೇ ಇಲ್ಲ — ಕುತ್ತಿಗೆ, ಅಯ್ಯೋ ಕುತ್ತಿಗೆ, ಪುಟ್ಟದರ ದಾರಿ ಎಷ್ಟು ಓರೆ ಅನ್ನುವ ಅಂಕಿಯನ್ನು ಶುರುವಿನಲ್ಲಿ ನಾನೇ ಅಲುಗದ ಹಾಗೆ ಕಟ್ಟಿಹಾಕಿದ್ದೆ, ತೊಂಬತ್ತು ಡಿಗ್ರಿ, ಅಂದರೆ ನಟ್ಟನಡುವೆ, ಸದ್ಯಕ್ಕಿರಲಿ, ಮಿಕ್ಕಿದ್ದೆಲ್ಲ ಹದಕ್ಕೆ ಬಂದಮೇಲೆ ಬಿಚ್ಚಿದರಾಯ್ತು, ಎಲ್ಲರೂ ಹಾಗೇ ಮಾಡೋದು, ಬಿಚ್ಚಿದ್ದೆನಾ, ಕೋಡಿನಲ್ಲಿ ಮೇಲೆ, ಇನ್ನೂ ಮೇಲೆ, ಇಲ್ಲಿ — ತೊಂಬತ್ತು, ಕಟ್ಟಿದ ಹಾಗೇ ಕೂತಿದೆ. ಮೇಡಂ, ಕಳಿಸ್ಬೇಡಿ. ಇಷ್ಟು ಜೋರಾಗಿ ನಾನೇ ಕೂಗಿದೆನಾ, ಯಾಕೆ, ಏನಾಯ್ತು, ಗುಬ್ಬಿ — ಅಲ್ಲ, ಓರೆ, ಓರೆ ಬಿಚ್ಚೇ ಇಲ್ಲ ಮೇಡಂ, ಅವರ ಚಪ್ಪಲಿ ಸದ್ದು ನಿಂತಿತು, ಗಂಟೆಯಣ್ಣನ ಕುರ್ಚಿ ಉರುಳಿಕೊಂಡು ನನ್ನ ಬೆನ್ನ ಹತ್ತಿರ ಬಂತು, ಬಿಚ್ಚಿ ಲೆಕ್ಕ ಓಡಿಸು, ಅಂದ, ಅಷ್ಟೇ ಅಂದ, ನೊಣ ಎದ್ದುಹೋಯಿತು, ಗೆರೆ ಮತ್ತೆ ಮೊದಲಿಂದ ಬರೆದುಕೊಳ್ಳುತ್ತಿದೆ, ಓರೆ ಹೊರಳುತ್ತಿದೆ, ತೂಕ ಏರುತ್ತಿದೆ, ಗಾತ್ರ ನನ್ನ ಅಂಕಿ ದಾಟಿತು, ಅವನ ಅಂಕಿಯ ಕಡೆಗೆ, ಇನ್ನೂ ಹತ್ತಿರ, ಮುಟ್ಟುತ್ತಾ, ಮುಟ್ಟದೇ ನಿಲ್ಲುತ್ತಾ, ರಾಕ್ಷಸನ ಅಂಗಿಯ ಎದೆಗುಂಡಿ ಒಂದೊಂದಾಗಿ ಕಿತ್ತುಬರುತ್ತಿದೆ, ನನ್ನ ಕಿವಿಯ ಹತ್ತಿರ ಗಂಟೆಯಣ್ಣ ಉಸಿರು ಹಿಡಿದಿದ್ದಾನೆ, ನಾನೂ ಹಿಡಿದಿದ್ದೇನೆ, ಗುಬ್ಬಿ, ಅಷ್ಟು ದೊಡ್ಡ ಕುತ್ತಿಗೆಯ ಹಿಂದೆ, ಗುಬ್ಬಿ